ಚಕ್ರಾಧಿಪತ್ಯವು ಅಳಿದ ಮೇಲೆ: ಮಲೆನಾಡಿನ ಅರಸುಗಳು



ಯೂರೋಪು ಖಂಡದ ಚರಿತ್ರೆಯನ್ನು ಓದುವವರು ಕ್ರಿ. ಶ. 476ನೆಯ ವರ್ಷವನ್ನು ಒಂದು ಎಲ್ಲೆಗಲ್ಲೆಂದು ಎಣಿಸುವುದುಂಟು. ಆ ವರ್ಷ ಓಡೊವಾಕರನೆಂಬ ದಂಡನಾಯಕನು ಪಶ್ಚಿಮ ರೋಮಿನ ಬಾಲ ಚಕ್ರವರ್ತಿಯನ್ನು ಪದಚ್ಯುತನನ್ನಾಗಿ ಮಾಡಿ, ರಾಜಲಾಂಛನಗಳನ್ನು ಕಾನ್‌ಸ್ಟಾಂಟಿನೋಪಲಿಗೆ ಕಳುಹಿಸಿಬಿಟ್ಟನು. ಅಧಿಕಾರವು ಅವನದು, ಹೆಸರು ಮಾತ್ರ ದೂರದ ಚಕ್ರವರ್ತಿಯದು. ರೋಮಿನ ಅಧಿಕಾರಿಗಳ ಪದವಿಗಳೇ ಮುಂದೆ ಡ್ಯೂಕ್, ಕೌಂಟ್ ಎಂಬ ವಂಶಪಾರಂಪರ್ಯದ ಬಿರುದುಗಳಾದುವು. ಇದು ನಮಗೆ ಅಪರಿಚಿತವಾದ ಕಥೆಯಲ್ಲ. ಇಂದು ಕಾಫಿಯ ತೋಟಗಳಿಂದ ಹಸುರಾಗಿರುವ ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಬೆಟ್ಟಗಳೂ ಇಂತಹುದೊಂದನ್ನು ಕಂಡಿವೆ.

1565ನೆಯ ಜನವರಿಯಲ್ಲಿ ರಕ್ಕಸಗಿ-ತಂಗಡಗಿಯ ಯುದ್ಧದಲ್ಲಿ ರಾಮರಾಯನು ಮಡಿದನು, ವಿಜಯನಗರವು ಹಾಳಾಯಿತು, ರಾಜಧಾನಿಯು ಪೆನುಕೊಂಡೆಗೆ ಸರಿಯಿತು. ಆದರೆ ಒಂದೇ ದಿನದಲ್ಲಿ ರಾಜ್ಯವೆಲ್ಲವೂ ಕುಸಿಯಿತೆಂದು ಭಾವಿಸಲಾಗದು. ಘಟ್ಟದ ಮೇಲೆ ಕಳಸವನ್ನೂ ಕೆಳಗೆ ಕಾರ್ಕಳವನ್ನೂ ಆಳುತ್ತಿದ್ದ ಭೈರರಸರು ಇಪ್ಪತ್ತೊಂದು ವರ್ಷಗಳ ತರುವಾಯ, 1586ರಲ್ಲಿ, ಕಾರ್ಕಳದ ಚತುರ್ಮುಖ ಬಸದಿಯನ್ನು ಕಟ್ಟಿಸಿದರು. ಕೇಂದ್ರವು ಮುರಿದಾಗ ಅಂಚಿನವರು ಹೀಗೆ ನಿಲ್ಲಲು ಕಾರಣವುಂಟು. ಮೆಣಸು, ಅಡಿಕೆಗಳ ಹೇರು ಘಟ್ಟವನ್ನಿಳಿದು ಕರಾವಳಿಯ ರೇವುಗಳಿಗೆ ಹೋಗುತ್ತಿದ್ದುದರಿಂದ, ಇಲ್ಲಿನ ಅರಸರ ಬೊಕ್ಕಸವು ಹಂಪೆಯನ್ನೇ ನೆಚ್ಚಿರಲಿಲ್ಲ.

ಆದರೂ ಮೇಲೊಬ್ಬ ಒಡೆಯನಿಲ್ಲದಿದ್ದಾಗ ಚಿಕ್ಕವರನ್ನು ದೊಡ್ಡವರಿಂದ ಕಾಯುವವರು ಯಾರು? ಕೆಳದಿಯ ನಾಯಕರು ವಿಜಯನಗರದ ಸಾಮಂತರಾಗಿದ್ದವರು. ಅವರೇ ಸ್ವತಂತ್ರರಾಗಿ ಬೆಳೆದು ಭೈರರಸರ ಸೀಮೆಯನ್ನು ತಮ್ಮದನ್ನಾಗಿ ಮಾಡಿಕೊಂಡರು. 1623ರಲ್ಲಿ ಇಕ್ಕೇರಿಗೆ ಬಂದ ಪಿಯೆತ್ರೊ ದೆಲ್ಲಾ ವಲ್ಲೆಯೆಂಬ ಪ್ರವಾಸಿಯು, ವೆಂಕಟಪ್ಪನಾಯಕನು ಹಿಂದೆ ವಿಜಯನಗರದ ಅಧೀನನಾಗಿದ್ದು ಆಮೇಲೆ ಸ್ವತಂತ್ರನಾದನೆಂದು ಬರೆದಿಟ್ಟಿದ್ದಾನೆ. ಈ ಪ್ರವಾಸಿಯು ಹುಟ್ಟಿದ್ದು ರೋಮ್ ನಗರದಲ್ಲಿಯೇ ಎಂಬುದನ್ನು ನೆನೆದರೆ ಸ್ವಾರಸ್ಯವಾಗಿದೆ.

ಹೆಸರಿನ ಬೆಲೆಯಾದರೋ ಶಕ್ತಿಗಿಂತ ಹೆಚ್ಚು ಕಾಲ ಬಾಳುತ್ತದೆ. 800ನೆಯ ವರ್ಷದಲ್ಲಿ ಫ್ರಾಂಕರ ದೊರೆ ಶಾರ್ಲಮೇನನು ರೋಮಿನಲ್ಲಿ ಚಕ್ರವರ್ತಿಯೆಂದು ಕಿರೀಟವನ್ನು ಧರಿಸಿದನು. ನಮ್ಮಲ್ಲಿ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ಪಡೆದು, ವಿಜಯನಗರದ ಮಹಾನವಮಿಯ ಸಂಪ್ರದಾಯವನ್ನು ಅಲ್ಲಿ ಮುಂದುವರಿಸಿದರು. ಹದಿನೇಳನೆಯ ಶತಮಾನದ ನಡುವಿನಲ್ಲಿ ವಿಜಯನಗರದ ಕಡೆಯ ದೊರೆ ಶ್ರೀರಂಗರಾಯನು ನೆಲೆಯನ್ನು ಕಳೆದುಕೊಂಡು ಬಿದನೂರಿನ ಶಿವಪ್ಪನಾಯಕನ ಮರೆಹೊಕ್ಕನು. ನಾಯಕನು ಅವನನ್ನು ಬೇಲೂರು, ಸಕ್ಕರೆಪಟ್ಟಣಗಳ ಸೀಮೆಯಲ್ಲಿ ನೆಲೆಗೊಳಿಸಿ, ಅವನ ಹೆಸರಿನಲ್ಲಿಯೇ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದನು. ಅದು ಸ್ವಾಮಿಭಕ್ತಿಯೋ, ರಾಜತಂತ್ರವೋ? ಎರಡೂ ಇದ್ದಿರಬಹುದು. ಸಾಮಂತನ ಬಾಗಿಲಲ್ಲಿ ಸಾಮ್ರಾಟನು ನಿಂತುದಂತೂ ದಿಟ.

ಬರಿಯ ಹೆಸರಿನಿಂದ ರಾಜ್ಯವು ನಿಲ್ಲುವುದಿಲ್ಲ. ಶಿವಪ್ಪನಾಯಕನನ್ನು ಜನರು ಇಂದಿಗೂ ನೆನೆಯುವುದು ಅವನ ‘ಶಿಸ್ತಿ’ಗಾಗಿ. ಊರೂರಿನಲ್ಲಿ ಒಂದೊಂದು ಬಗೆಯ ಹೊಲವನ್ನು ಹನ್ನೆರಡು ವರ್ಷ ತಾನೇ ಸಾಗುವಳಿ ಮಾಡಿಸಿ, ಬಿತ್ತನೆ, ಖರ್ಚು, ಹುಟ್ಟುವಳಿಗಳ ಲೆಕ್ಕವನ್ನಿಟ್ಟು, ಅದರ ಸರಾಸರಿಯ ಮೇಲೆ ಕಂದಾಯವನ್ನು ಗೊತ್ತುಮಾಡಿದನೆಂದು ಹೇಳುತ್ತಾರೆ. ಒಕ್ಕಲಿಗೆ ತಾನು ಕೊಡಬೇಕಾದುದೆಷ್ಟೆಂದು ಮೊದಲೇ ತಿಳಿದಿದ್ದರೆ, ಅರಸನು ಬದಲಾದರೂ ಬದುಕು ಕದಡುವುದಿಲ್ಲ.

ಯೂರೋಪಿನಲ್ಲಿ ಕ್ರೈಸ್ತ ಮಠಗಳು ಲ್ಯಾಟಿನ್ ವಿದ್ಯೆಯನ್ನು ಕಾಪಾಡಿದಂತೆ, ಇಲ್ಲಿಯೂ ಕೆಲವು ಸಂಸ್ಥೆಗಳು ಎರಡು ಯುಗಗಳಿಗೆ ಸೇತುವೆಯಾದುವು. ಶೃಂಗೇರಿಯ ಮಠವು 1346ರಲ್ಲಿ ವಿಜಯನಗರದ ಮೊದಲ ದೊರೆಗಳಿಂದ ದತ್ತಿಯನ್ನು ಪಡೆಯಿತು. ಆಮೇಲೆ ಕೆಳದಿಯವರಿಂದಲೂ ಪಡೆಯಿತು. ಜೈನರಾದ ಭೈರರಸರೂ ಕಳಸನಾಥನ ಗುಡಿಗೆ ದತ್ತಿಗಳನ್ನು ಬಿಟ್ಟರು.

1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದಾಗ ಈ ಅಧ್ಯಾಯವೂ ಮುಗಿಯಿತು. ಆದರೂ ನಾವು ಗಮನಿಸತಕ್ಕುದು ಇಷ್ಟು: ಚಕ್ರಾಧಿಪತ್ಯವು ಬಿದ್ದಾಗ ಅದರ ಬಿರುದನ್ನು ಎತ್ತಿಕೊಳ್ಳುವವರು ಹಲವರು. ಅದರ ಹೊಣೆಯನ್ನೂ ಎತ್ತಿಕೊಂಡವರ ಹೆಸರನ್ನೇ ನಾಡು ಬಹುಕಾಲ ಹೇಳುತ್ತದೆ.