ಕೆಂಪು ಕೋಟು, ಕರಡಿ ಟೋಪಿ ಮತ್ತು ಒಂದು ನಿಮಿಷದ ಮೌನ

2025ರ ಜೂನ್ 14, ಶನಿವಾರ. ಅಹಮದಾಬಾದಿನಿಂದ ಲಂಡನ್ನಿಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಬಿದ್ದು ಎರಡೇ ದಿನ ಆಗಿತ್ತು. ವಿಮಾನದಲ್ಲಿದ್ದ 242 ಜನರಲ್ಲಿ ಬದುಕಿ ಉಳಿದದ್ದು ಒಬ್ಬರು ಮಾತ್ರ. ಆ ಸುದ್ದಿಯನ್ನೇ ಮತ್ತೆ ಮತ್ತೆ ನೋಡುತ್ತಾ ಕೂತಿದ್ದವನಿಗೆ ನಡುವೆ ಲಂಡನ್ನಿನ ಒಂದು ದೃಶ್ಯ ಕಾಣಿಸಿತು. ಕೆಂಪು ಕೋಟು, ಕಪ್ಪು ಕರಡಿ ಟೋಪಿ ಹಾಕಿಕೊಂಡ ನೂರಾರು ಸೈನಿಕರು ಗೊಂಬೆಗಳ ಹಾಗೆ ಸಾಲಾಗಿ ನಿಂತಿದ್ದಾರೆ. ರಾಜ ಮೂರನೇ ಚಾರ್ಲ್ಸ್ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡಿದ್ದಾರೆ. ಇಡೀ ಮೈದಾನ ಒಂದು ನಿಮಿಷ ಮೌನ!

ಅದು ಟ್ರೂಪಿಂಗ್ ದ ಕಲರ್, ಅಂದರೆ ಬ್ರಿಟನ್ನಿನ ರಾಜರ ಅಧಿಕೃತ ಹುಟ್ಟುಹಬ್ಬದ ಪೆರೇಡು. ಮುನ್ನೂರು ವರ್ಷಗಳಿಂದ ಕೂದಲೆಳೆಯಷ್ಟೂ ಬದಲಾಗದೆ ನಡೆದು ಬಂದಿದೆ ಅಂತ ಟೀವಿಯವರು ಪ್ರತಿ ಸಲ ಹೇಳುವ ಪೆರೇಡು. ಅಂಥದ್ದರಲ್ಲಿ ನಮ್ಮೂರಿನಿಂದ ಹೊರಟ ವಿಮಾನದಲ್ಲಿ ಸತ್ತವರಿಗಾಗಿ ಎರಡೇ ದಿನದಲ್ಲಿ ಕಾರ್ಯಕ್ರಮವನ್ನೇ ತಿದ್ದಿದರಲ್ಲ, ಹಾಗಾದರೆ ಇದು ನಿಜವಾಗಿಯೂ ಬದಲಾಗದ ಪೆರೇಡೇ? ಆ ಹುಳು ತಲೆಗೆ ಹೊಕ್ಕಿತು. ಓದುತ್ತಾ ಹೋದರೆ ಸಿಕ್ಕಿದ್ದು ಬದಲಾವಣೆಗಳ ದೊಡ್ಡ ಪಟ್ಟಿ.

ಮೊದಲು ಇದು ಏನು ಅಂತ ನೋಡೋಣ. ಇಲ್ಲಿ 'ಕಲರ್' ಅಂದರೆ ಬಣ್ಣ ಅಲ್ಲ, ಪಡೆಯ ಬಾವುಟ. ಹಿಂದಿನ ಯುದ್ಧಗಳಲ್ಲಿ ಫಿರಂಗಿ, ಬಂದೂಕಿನ ಹೊಗೆಯಲ್ಲಿ ಪಕ್ಕದವನೂ ಕಾಣುತ್ತಿರಲಿಲ್ಲ. ಎಲ್ಲಿ ಸೇರಬೇಕು ಅಂತ ತಿಳಿಯೋದಕ್ಕೆ ಬಾವುಟವೊಂದೇ ದಿಕ್ಕು. ಆದ್ದರಿಂದ ಬಾವುಟವನ್ನು ಸೈನಿಕರ ಸಾಲಿನ ಮುಂದೆ ನಿಧಾನವಾಗಿ ಒಯ್ದು "ನೋಡಿಕೊಳ್ಳಿ, ಇದೇ ನಿಮ್ಮದು" ಅಂತ ತೋರಿಸುತ್ತಿದ್ದರು. ಬ್ರಿಟಿಷ್ ಪಡೆಯೊಂದು ತನ್ನ ಬಾವುಟವನ್ನು ಕೊನೆಯ ಸಲ ರಣರಂಗಕ್ಕೆ ಒಯ್ದದ್ದು 1881ರಲ್ಲಿ, ದಕ್ಷಿಣ ಆಫ್ರಿಕಾದ ಲೇಂಗ್ಸ್ ನೆಕ್ ಎಂಬಲ್ಲಿ. ಅಂದರೆ ಈ ಪೆರೇಡಿನ ಮೂಲ ಕೆಲಸ ಮುಗಿದು 140 ವರ್ಷ ದಾಟಿದೆ. ಯಾರೂ ಕರೆಯದ ಫಂಕ್ಷನ್ ಒಂದು ಹಳೇ ಕೋಡಿನಲ್ಲಿ ಹಾಗೇ ಉಳಿದುಬಿಟ್ಟಿರುತ್ತದಲ್ಲ, ಹಾಗೆ.

ರಾಜನ ಹುಟ್ಟುಹಬ್ಬಕ್ಕೂ ಇದಕ್ಕೂ ಗಂಟು ಬಿದ್ದದ್ದು 1748ರಲ್ಲಿ. ಹುಟ್ಟಿದ ದಿನವೇ ಆಚರಿಸಬೇಕು ಅಂದರೆ ಲಂಡನ್ನಿನ ಹವೆ ಬಿಡಬೇಕಲ್ಲ! ಏಳನೇ ಎಡ್ವರ್ಡ್ ಹುಟ್ಟಿದ್ದು ನವೆಂಬರ್ 9ಕ್ಕೆ. ಆ ಚಳಿ, ಮಳೆಯಲ್ಲಿ ಯಾರು ಪೆರೇಡು ನೋಡುತ್ತಾರೆ? ಹಾಗಾಗಿ ಅವನ ಕಾಲದಲ್ಲಿ ಆಚರಣೆಯನ್ನು ಬೇಸಿಗೆಗೆ ತಂದರು. ಆಮೇಲೆ ಡಿಸೆಂಬರಿನಲ್ಲಿ ಹುಟ್ಟಿದ ಆರನೇ ಜಾರ್ಜ್, ಏಪ್ರಿಲ್ಲಿನಲ್ಲಿ ಹುಟ್ಟಿದ ಎರಡನೇ ಎಲಿಜಬೆತ್, ನವೆಂಬರಿನಲ್ಲಿ ಹುಟ್ಟಿದ ಚಾರ್ಲ್ಸ್ ಎಲ್ಲರಿಗೂ ಜೂನಿನಲ್ಲೇ ಹುಟ್ಟುಹಬ್ಬ. ಗುರುವಾರ ನಡೆಯುತ್ತಿದ್ದ ಪೆರೇಡು 1950ರ ದಶಕದ ಕೊನೆಗೆ ಶನಿವಾರಕ್ಕೆ ಬಂತು. ವಾರದ ನಡುವೆ ಲಂಡನ್ನಿನ ರಸ್ತೆ ಬಂದ್ ಮಾಡಿದರೆ ಏನಾಗುತ್ತೆ ಅಂತ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ ಬಿಡಿ.

ಇನ್ನು ಆ ಕೆಂಪು ಕೋಟು. ಅದಂತೂ ಯಾವತ್ತೂ ಇತ್ತು ಅಂದುಕೊಂಡಿದ್ದೆ. ಇಲ್ಲ. ಎರಡು ಮಹಾಯುದ್ಧಗಳ ಕಾಲದಲ್ಲಿ ಪೆರೇಡೇ ನಿಂತುಹೋಗಿತ್ತು. 1919ರಲ್ಲಿ ಮತ್ತೆ ಶುರುವಾದಾಗ ಸೈನಿಕರು ಬಂದದ್ದು ಖಾಕಿಯಲ್ಲಿ. 1947ರಲ್ಲಿಯೂ ಅಷ್ಟೇ, ಖಾಕಿ. ಯುದ್ಧ ಗೆದ್ದಿದ್ದರೂ ದೇಶದ ಬೊಕ್ಕಸ ಖಾಲಿ, ಬಟ್ಟೆ, ರೊಟ್ಟಿಗೆಲ್ಲ ರೇಷನ್. ಅಂಥ ಹೊತ್ತಿನಲ್ಲಿ ಚಿನ್ನದ ಜರಿಯ ಕೋಟು ಹಾಕಿಕೊಂಡು ನಡೆದರೆ ಜನ ಏನಂದಾರು? 1949ರ ಹೊತ್ತಿಗೆ ಕೆಂಪು ಮರಳಿ ಬಂತು.

ಕೋಟಿನ ಗುಂಡಿಗಳಲ್ಲೂ ಒಂದು ಲೆಕ್ಕ ಇದೆ. ಕಾಲಾಳು ಗಾರ್ಡ್‌ಗಳಲ್ಲಿ ಐದು ಪಡೆಗಳು. ಗ್ರೆನೇಡಿಯರ್‌ಗೆ ಗುಂಡಿಗಳು ಒಂದೊಂದಾಗಿ, ಕೋಲ್ಡ್‌ಸ್ಟ್ರೀಮ್‌ಗೆ ಎರಡೆರಡು, ಸ್ಕಾಟ್ಸ್‌ಗೆ ಮೂರು ಮೂರು, ಐರಿಷ್‌ಗೆ ನಾಲ್ಕು ನಾಲ್ಕು, ವೆಲ್ಷ್‌ಗೆ ಐದೈದು. ಗುಂಡಿ ಎಣಿಸಿದರೆ ಪಡೆ ಯಾವುದು ಅಂತ ಗೊತ್ತಾಗುತ್ತೆ! ಇದರಲ್ಲೂ ಐರಿಷ್ ಗಾರ್ಡ್ಸ್ ಹುಟ್ಟಿದ್ದು 1900ರಲ್ಲಿ, ವೆಲ್ಷ್ ಗಾರ್ಡ್ಸ್ 1915ರಲ್ಲಿ. ಅನಾದಿ ಕಾಲದ್ದು ಅಂತ ಕಾಣುವ ಐದು ಸಾಲುಗಳಲ್ಲಿ ಎರಡು ಇಪ್ಪತ್ತನೇ ಶತಮಾನದವು.

ನನ್ನೊಳಗಿನ ಇಂಜಿನಿಯರಿಗೆ ಬಹಳ ಇಷ್ಟವಾದದ್ದು ಬಂದೂಕಿನ ಕಥೆ. ಹಳೇ ಲೀ ಎನ್‌ಫೀಲ್ಡ್ ರೈಫಲ್ ಇದ್ದಾಗ ಅದನ್ನು ಎಡ ಹೆಗಲಿಗೆ ಓರೆಯಾಗಿ ಒರಗಿಸಿಕೊಂಡು ನಡೆಯುತ್ತಿದ್ದರು. ಆಮೇಲೆ ಎಸ್‌ಎಲ್‌ಆರ್ ಬಂತು. ಅದಕ್ಕೆ ಪಿಸ್ತೂಲಿನಂಥ ಹಿಡಿ, ಕೆಳಗೆ ಚಾಚಿಕೊಂಡ ಮ್ಯಾಗಜೀನ್. ಹೆಗಲ ಮೇಲೆ ಸರಿಯಾಗಿ ಕೂರುವುದಿಲ್ಲ. ಅದಕ್ಕೇ ಬಲಗೈಯಲ್ಲಿ ಪಕ್ಕಕ್ಕೆ ನೆಟ್ಟಗೆ ಹಿಡಿದು ನಡೆಯುವ ಹೊಸ ಕವಾಯತು ಬಂತು. 1980ರ ದಶಕದಲ್ಲಿ ಎಸ್‌ಎ80 ಬಂತು. ಇದರಲ್ಲಿ ಮ್ಯಾಗಜೀನ್ ಟ್ರಿಗರಿನ ಹಿಂದಕ್ಕೆ ಹೋಗಿ, ಮೊದಲು 1.1 ಮೀಟರಿಗೂ ಹೆಚ್ಚಿದ್ದ ಬಂದೂಕಿನ ಉದ್ದ 785 ಮಿಲಿಮೀಟರಿಗೆ ಇಳಿಯಿತು. ಬಂದೂಕು ಮತ್ತೆ ಎಡ ಹೆಗಲಿಗೆ! ಯುದ್ಧಕ್ಕೆಂದು ಯಾರೋ ಮಾಡಿದ ಡಿಸೈನ್ ಬದಲಾದರೆ ಸಾವಿರಾರು ಕೈಗಳ ಚಲನೆ ಬದಲಾಗಬೇಕು. ನೋಡುವ ನಮಗೆ ಮಾತ್ರ ಎಲ್ಲ ಮೊದಲಿನಂತೆಯೇ ಅನ್ನಿಸಬೇಕು.

ಅಂದ ಹಾಗೆ, ಎಲ್ಲವೂ ಕವಾಯತಿನ ಪುಸ್ತಕದಲ್ಲಿಲ್ಲ. ಸುಮಾರು 400 ವಾದ್ಯಗಾರರ ಬ್ಯಾಂಡು ಇಕ್ಕಟ್ಟಿನ ಜಾಗದಲ್ಲಿ ನುಡಿಸುತ್ತಲೇ ಚಕ್ರದ ಹಾಗೆ ತಿರುಗುವ ಒಂದು ಚಲನೆ ಇದೆ, 'ಸ್ಪಿನ್ ವೀಲ್' ಅನ್ನುತ್ತಾರೆ. ಅದನ್ನು ಮಾಡುವುದು ಹೇಗೆ ಅಂತ ಎಲ್ಲೂ ಬರೆದಿಟ್ಟಿಲ್ಲವಂತೆ. ಹಿರಿಯರಿಂದ ಕಿರಿಯರಿಗೆ ನೋಡಿ ನೋಡಿಯೇ ಬಂದದ್ದು. ಡಾಕ್ಯುಮೆಂಟೇಶನ್ ಇಲ್ಲದ ಸಿಸ್ಟಮ್ ನಡೆಸುವ ಕಷ್ಟ ಗೊತ್ತಿದ್ದವರು ಅವರಿಗೊಂದು ಸಲಾಮು ಹೊಡೆಯಲೇಬೇಕು.

ರಾಣಿಯ ವಿಷಯಕ್ಕೆ ಬರೋಣ. 1951ರಲ್ಲಿ ಆರನೇ ಜಾರ್ಜ್ ಕಾಯಿಲೆ ಬಿದ್ದಾಗ ಅಪ್ಪನ ಬದಲು ಗೌರವ ವಂದನೆ ಸ್ವೀಕರಿಸಿದ್ದು ಮಗಳು ಎಲಿಜಬೆತ್. ಅಲ್ಲಿಂದ 1986ರವರೆಗೆ ಆಕೆ ಕೆಂಪು ಕೋಟು ತೊಟ್ಟು, ಎರಡೂ ಕಾಲನ್ನು ಒಂದೇ ಪಕ್ಕಕ್ಕೆ ಇಳಿಬಿಟ್ಟು ಕುದುರೆಯ ಮೇಲೆ ಬರುತ್ತಿದ್ದರು. ನಡುವೆ 1955ರಲ್ಲಿ ಮಾತ್ರ ರೈಲ್ವೆ ಮುಷ್ಕರದಿಂದಾಗಿ ಪೆರೇಡು ರದ್ದಾಯಿತು. 1969ರಿಂದ ಹದಿನೆಂಟು ವರ್ಷ ಆಕೆಯನ್ನು ಹೊತ್ತದ್ದು ಬರ್ಮೀಸ್ ಎಂಬ ಒಂದೇ ಕಪ್ಪು ಕುದುರೆ, ಕೆನಡಾದ ಅಶ್ವಾರೋಹಿ ಪೊಲೀಸರು ಕೊಟ್ಟ ಉಡುಗೊರೆ.

1981ರ ಜೂನ್ 13ರಂದು ಮೈದಾನದ ಕಡೆ ಹೋಗುತ್ತಿದ್ದಾಗ ಜನಸಂದಣಿಯಿಂದ ಹದಿನೇಳು ವರ್ಷದ ಹುಡುಗನೊಬ್ಬ ರಾಣಿಯತ್ತ ಆರು ಸಲ ಗುಂಡು ಹಾರಿಸಿದ. ಖಾಲಿ ತೋಟಾ ಅಂತ ಆ ಕ್ಷಣದಲ್ಲಿ ಯಾರಿಗೆ ಗೊತ್ತು? ಕುದುರೆ ಬೆಚ್ಚಿತು. ರಾಣಿ ಲಗಾಮು ಹಿಡಿದು, ಅದರ ಕುತ್ತಿಗೆ ಸವರಿ ಸಮಾಧಾನ ಮಾಡಿ ಮುಂದೆ ಹೋದರು. ಪೆರೇಡು ನಡೆಯಿತು. ಹುಡುಗನಿಗೆ ಐದು ವರ್ಷ ಶಿಕ್ಷೆಯಾಯಿತು. ಬರ್ಮೀಸ್‌ಗೆ ವಯಸ್ಸಾದ ಮೇಲೆ ರಾಣಿ ಬೇರೆ ಕುದುರೆಯನ್ನು ಈ ಪೆರೇಡಿಗೆ ಹತ್ತಲಿಲ್ಲ. 1987ರಿಂದ ಸಾದಾ ಉಡುಪಿನಲ್ಲಿ, ವಿಕ್ಟೋರಿಯಾ ರಾಣಿಯ ಕಾಲದ ತೆರೆದ ಗಾಡಿಯಲ್ಲಿ ಬರತೊಡಗಿದರು. ಆಳುವವರು ಮತ್ತೆ ಕುದುರೆಯ ಮೇಲೆ ಕಂಡದ್ದು 2023ರಲ್ಲಿ, ಚಾರ್ಲ್ಸ್. ಮರುವರ್ಷ ಅವರಿಗೆ ಕ್ಯಾನ್ಸರ್ ಚಿಕಿತ್ಸೆ, ಮತ್ತೆ ಗಾಡಿ.

ಇಷ್ಟು ಓದುವವರೆಗೂ ನನಗೆ ಇವರೆಲ್ಲ ಶೋಕೇಸಿನ ಸೈನಿಕರು ಅನ್ನೋ ಭಾವನೆಯೇ ಇತ್ತು. ಅದನ್ನು ಅಲ್ಲಾಡಿಸಿದ್ದು 1982. ಆ ವರ್ಷ ಫಾಕ್ಲೆಂಡ್ ಯುದ್ಧಕ್ಕೆ ಸ್ಕಾಟ್ಸ್ ಗಾರ್ಡ್ಸ್ ಮತ್ತು ವೆಲ್ಷ್ ಗಾರ್ಡ್ಸ್ ಪಡೆಗಳನ್ನು ಕಳಿಸಿದರು. ಅರಮನೆಯ ಮುಂದೆ ಕಾವಲು ನಿಲ್ಲುವವರು, ಮೇ 12ರಂದು ಕ್ವೀನ್ ಎಲಿಜಬೆತ್ 2 ಎಂಬ ಐಷಾರಾಮಿ ಪ್ರವಾಸಿ ಹಡಗು ಹತ್ತಿದರು. ಜೂನ್ 8ರಂದು ಸರ್ ಗಲಹಾಡ್ ಎಂಬ ಹಡಗಿನ ಮೇಲೆ ಅರ್ಜೆಂಟೀನಾದ ವಿಮಾನಗಳು ಬಾಂಬು ಹಾಕಿದವು. ಸತ್ತ 48 ಜನರಲ್ಲಿ 32 ಜನ ವೆಲ್ಷ್ ಗಾರ್ಡ್ಸ್‌ನವರು. ಜೂನ್ 13ರ ರಾತ್ರಿ ಸ್ಕಾಟ್ಸ್ ಗಾರ್ಡ್ಸ್ ಕೊರೆಯುವ ಚಳಿಯಲ್ಲಿ ಟಂಬಲ್‌ಡೌನ್ ಗುಡ್ಡ ಹತ್ತಿ ಕೈಕೈ ಮಿಲಾಯಿಸಿ ಬಡಿದಾಡಿದರು. ಅದೇ ಜೂನ್ ತಿಂಗಳಲ್ಲಿ ಲಂಡನ್ನಿನಲ್ಲಿ ಬ್ಯಾಂಡು ಬಾರಿಸಿ ಪೆರೇಡು ನಡೆಯಿತು. ಆ ಸಾಲುಗಳಲ್ಲಿ ನಿಂತವರ ತಲೆಯಲ್ಲಿ ಏನು ಓಡುತ್ತಿತ್ತೋ!

ಮುಂದಿನ ತಿಂಗಳೇ, ಜುಲೈ 20ರಂದು, ಲಂಡನ್ನಿನಲ್ಲೇ ಐಆರ್‌ಎ ಎರಡು ಬಾಂಬು ಸಿಡಿಸಿತು. ಹೈಡ್ ಪಾರ್ಕಿನ ಹತ್ತಿರ, ಕಾವಲು ಬದಲಾವಣೆಗೆ ಹೊರಟಿದ್ದ ನಾಲ್ವರು ಅಶ್ವಾರೋಹಿಗಳು ಮತ್ತು ಏಳು ಕುದುರೆಗಳು ಸತ್ತವು. ರೀಜೆಂಟ್ಸ್ ಪಾರ್ಕಿನಲ್ಲಿ ವಾದ್ಯ ನುಡಿಸುತ್ತಿದ್ದ ಬ್ಯಾಂಡಿನ ಏಳು ಜನ ಸತ್ತರು. ಅಂದು ಕಾವಲು ಬದಲಿಸಲು ಹೊರಟವರ ಕೈಯಲ್ಲಿ ಇದ್ದದ್ದು ಕತ್ತಿ, ಬ್ಯಾಂಡಿನವರ ಕೈಯಲ್ಲಿ ವಾದ್ಯ. ಅಂದಿನಿಂದ ಅಶ್ವದಳ ಹೈಡ್ ಪಾರ್ಕಿನ ಆ ಜಾಗವನ್ನು ದಾಟುವಾಗ ಆ ಕಡೆ ತಿರುಗಿ ವಂದಿಸಿ ಹೋಗುತ್ತದೆ. ಸಂಪ್ರದಾಯಗಳು ಹೀಗೂ ಹುಟ್ಟುತ್ತವೆ. ಇದಕ್ಕೆ ಮುನ್ನೂರು ವರ್ಷದ ಇತಿಹಾಸ ಇಲ್ಲ, ಆದರೆ ಆ ಕುದುರೆ ಸವಾರರಿಗೆ ಇದಕ್ಕಿಂತ ಹತ್ತಿರದ್ದು ಬೇರೆ ಯಾವುದಿದ್ದೀತು?

ಶೀತಲ ಸಮರ ಮುಗಿದ ಮೇಲೆ ಸರ್ಕಾರ ಸೇನೆಯ ಖರ್ಚು ಕಡಿಮೆ ಮಾಡಿತು. 1993-94ರಲ್ಲಿ ಗ್ರೆನೇಡಿಯರ್, ಕೋಲ್ಡ್‌ಸ್ಟ್ರೀಮ್, ಸ್ಕಾಟ್ಸ್ ಗಾರ್ಡ್ಸ್ ಮೂರರ ಎರಡನೇ ಬೆಟಾಲಿಯನ್‌ಗಳನ್ನೂ ಮುಚ್ಚಿ, ಹೆಸರು ಉಳಿಯಲಿ ಅಂತ ಒಂದೊಂದು ಕಂಪನಿ ಮಾತ್ರ ಇಟ್ಟರು. ಮೈದಾನದಲ್ಲಿ ಎಂಟು ತಂಡ ನಿಲ್ಲುತ್ತಿದ್ದ ಕಡೆ ಈಗ ಆರು. ಒಂದು ತಂಡ ಅಂದರೆ ಸುಮಾರು 70 ಜನ. ಟೀವಿಯಲ್ಲಿ ನೋಡುವವರಿಗೆ ಮೈದಾನ ತುಂಬಿದ ಹಾಗೇ ಕಾಣುತ್ತದೆ.

ಕರಡಿ ಟೋಪಿಯ ಕೆಳಗಿನ ಮುಖಗಳೂ ಬದಲಾದವು. 2017ರಲ್ಲಿ ಕೆನಡಾದ ಕ್ಯಾಪ್ಟನ್ ಮೇಗನ್ ಕೂಟೊ ಅರಮನೆಯ ಕಾವಲು ಪಡೆಯನ್ನು ಮುನ್ನಡೆಸಿದ ಮೊದಲ ಕಾಲಾಳು ಪಡೆಯ ಮಹಿಳಾ ಅಧಿಕಾರಿಯಾದರು. 2018ರ ಪೆರೇಡಿನಲ್ಲಿ ಕೋಲ್ಡ್‌ಸ್ಟ್ರೀಮ್ ಗಾರ್ಡ್ಸ್‌ನ ಒಬ್ಬ ಸಿಖ್ ಯುವಕ ಕರಡಿ ಟೋಪಿಯ ಬದಲು ಕಪ್ಪು ಪೇಟ ಕಟ್ಟಿಕೊಂಡು ನಡೆದ. ಆ ಕಪ್ಪು ಸಾಲಿನಲ್ಲಿ ಒಂದು ತಲೆ ಮಾತ್ರ ಸ್ವಲ್ಪ ತಗ್ಗಾಗಿ ಕಾಣುವ ಫೋಟೋ ನೀವೂ ನೋಡಿರಬಹುದು. ಸಾಲು ಕೆಟ್ಟಿತು ಅಂದವರೂ ಇದ್ದರು. ನನಗಂತೂ ಸಾಲು ಸರಿಯಾಯಿತು ಅನ್ನಿಸಿತು.

ಬದಲಾಗಬೇಕಿದ್ದೂ ಬದಲಾಗದ್ದು ಆ ಟೋಪಿ. ವಾಟರ್ಲೂ ಯುದ್ಧದ ನಂತರ, 1815ರಲ್ಲಿ, ನೆಪೋಲಿಯನ್ನನ ಕಾವಲು ಪಡೆಯನ್ನು ಸೋಲಿಸಿದ ಗುರುತಾಗಿ ಗ್ರೆನೇಡಿಯರ್‌ಗಳಿಗೆ ಬಂದದ್ದು. ಎತ್ತರ ಸುಮಾರು 18 ಇಂಚು, ಕೆನಡಾದ ಕರಡಿಯ ತುಪ್ಪಳ. 2023ರ ಜೂನ್ 10ರ ಪೂರ್ವಾಭ್ಯಾಸದ ದಿನ ಲಂಡನ್ನಿನಲ್ಲಿ ಸುಮಾರು 30 ಡಿಗ್ರಿ ಸೆಕೆ. ದಪ್ಪ ಉಣ್ಣೆಯ ಕೋಟು, ಮೇಲೆ ಈ ಟೋಪಿ. ಹಲವರು ನಿಂತಲ್ಲೇ ಕುಸಿದರು. ಅಲುಗಾಡದೆ ನಿಂತರೆ ಕಾಲಿನ ರಕ್ತವನ್ನು ಮೇಲೆ ತಳ್ಳುವ ಮೀನಖಂಡ ಕೆಲಸ ಮಾಡುವುದಿಲ್ಲ, ರಕ್ತ ಕಾಲಲ್ಲೇ ನಿಂತು ತಲೆಗೆ ಸಾಲದೆ ಬರುತ್ತದೆ. ಬಿದ್ದ ಒಬ್ಬ ಟ್ರಾಂಬೋನ್ ವಾದಕ ಎದ್ದು, ಮತ್ತೆ ನುಡಿಸಲು ನೋಡಿದ. ಜನ ಚಪ್ಪಾಳೆ ಹೊಡೆದರು. ನನಗೆ ಚಪ್ಪಾಳೆಗಿಂತ ಅವನಿಗೊಂದು ಲೋಟ ನೀರು ಕೊಡಬೇಕು ಅನ್ನಿಸಿತು. ಬಂದೂಕಿಗಾಗಿ ಕವಾಯತನ್ನೇ ಬದಲಿಸಬಹುದಾದರೆ, ಬಿಸಿಲಿಗಾಗಿ ಯಾಕೆ ಆಗದು?

ಆಗುತ್ತದೆ ಅಂತ 2020 ತೋರಿಸಿತ್ತು. ಕೊರೋನಾ ಬಂದಾಗ ಪೆರೇಡನ್ನು ವಿಂಡ್ಸರ್ ಕೋಟೆಯ ಅಂಗಳಕ್ಕೆ ಒಯ್ದರು. ಭುಜಕ್ಕೆ ಭುಜ ತಾಗಿಸಿ ನಿಲ್ಲುವುದೇ ಕಸುಬಾಗಿದ್ದ ವೆಲ್ಷ್ ಗಾರ್ಡ್ಸ್ ಎರಡು ಮೀಟರಿಗೂ ಹೆಚ್ಚು ದೂರ ದೂರ ನಿಂತರು. ಎದುರಿಗೆ 94 ವರ್ಷದ ರಾಣಿ, ಬಹುಮಟ್ಟಿಗೆ ಒಬ್ಬರೇ.

ನಮ್ಮಲ್ಲೂ ಈ ಬಾವುಟಗಳ ಕಥೆ ಇದೆ. ಗಣರಾಜ್ಯವಾದ ಮೇಲೆ ಭಾರತೀಯ ಪಡೆಗಳು ರಾಜನ ಬಾವುಟ ಹಿಡಿಯುವಂತಿರಲಿಲ್ಲ. ಆದರೆ ಅವನ್ನು ಸುಟ್ಟು ಹಾಕಲಿಲ್ಲ, ಹರಿಯಲಿಲ್ಲ. 1950ರಲ್ಲಿ ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿಯ ಚೆಟ್‌ವುಡ್ ಹಾಲಿನಲ್ಲಿ ಗೌರವದಿಂದ ಇಟ್ಟುಬಿಟ್ಟರು. ಆ ಬಾವುಟದ ಕೆಳಗೆ ಸತ್ತವರು ನಮ್ಮ ಜನರೇ ತಾನೆ? ದೆಹಲಿಯ ಬೀಟಿಂಗ್ ರಿಟ್ರೀಟ್ ಕೂಡ ಅವರಿಂದಲೇ ಬಂದದ್ದು. ಅದರಲ್ಲಿ ವರ್ಷಗಟ್ಟಲೆ ನುಡಿಸುತ್ತಿದ್ದ, ಗಾಂಧೀಜಿಗೆ ಪ್ರಿಯವಾಗಿದ್ದ 'ಅಬೈಡ್ ವಿತ್ ಮಿ' 2022ರಲ್ಲಿ ಕೈಬಿಟ್ಟಾಗ ಎಷ್ಟು ವಾದ ವಿವಾದ ಆಯಿತು ನೆನಪಿದೆಯಲ್ಲ.

ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನುವ ಜಗಳ ನಮ್ಮ ಮನೆಯ ಹಬ್ಬಗಳಲ್ಲೂ ಇದ್ದದ್ದೇ. "ಹಿಂದಿನಿಂದ ನಡೆದು ಬಂದದ್ದು" ಅಂದರೆ ಸಾಕು, ಪ್ರಶ್ನೆ ಕೇಳುವಂತಿಲ್ಲ. ಇನ್ನು ಮುಂದೆ ಯಾರಾದರೂ ಹಾಗಂದರೆ ನಾನು ಎಷ್ಟು ಹಿಂದಿನಿಂದ ಅಂತ ಕೇಳಬೇಕು ಅಂದುಕೊಂಡಿದ್ದೇನೆ. ಬಹಳ ಸಲ ಉತ್ತರ ಅಜ್ಜನ ಕಾಲವನ್ನೂ ದಾಟಲಿಕ್ಕಿಲ್ಲ.

ಜೂನ್ 14ರ ಆ ಒಂದು ನಿಮಿಷ ಯಾವ ಹಳೇ ಪುಸ್ತಕದಲ್ಲೂ ಇರಲಿಲ್ಲ. ಎರಡು ದಿನದ ಹಿಂದೆ ಸುಟ್ಟುಹೋದವರಿಗಾಗಿ, ಅವರಲ್ಲಿ ಬಹುಪಾಲು ಜನ ನಮ್ಮವರು, ಅಂದು ಸೇರಿಸಿದ್ದು. ಇಡೀ ಪೆರೇಡಿನಲ್ಲಿ ನನಗೆ ಅರ್ಥವಾದದ್ದು ಅದೊಂದೇ ನಿಮಿಷ. ಬಾವುಟ, ಗುಂಡಿ, ಬಂದೂಕುಗಳನ್ನೆಲ್ಲ ಅದಕ್ಕಾಗಿಯೇ ಓದಿದೆ.