ವಿಲ್ಕಿ, ಸರ್ ಡೇವಿಡ್

1785-1841. ಸ್ಕಾಟ್ಲೆಂಡಿನ ಚಿತ್ರಕಾರ. ಹಳ್ಳಿಯ ಜಾತ್ರೆ, ಮದುವೆ, ಗೇಣಿ ವಸೂಲಿ, ಮನೆಯೊಳಗಿನ ಆಟಪಾಟಗಳನ್ನು ಚಿತ್ರಿಸಿ ಹೆಸರಾದವನು. ಮಂಡ್ಯ ಜಿಲ್ಲೆಯ ಚರಿತ್ರೆಯಲ್ಲಿ ಅವನಿಗೆ ಜಾಗ ಸಿಗುವುದು ಬೇರೆ ಕಾರಣಕ್ಕೆ. 1799ರ ಮೇ 4ರ ರಾತ್ರಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಶವ ಸಿಕ್ಕ ಪ್ರಸಂಗದ ದೊಡ್ಡ ತೈಲಚಿತ್ರ ಇವನ ಕೈಯದು.

ಬದುಕು: ಫೈಫ್ ಸೀಮೆಯ ಕಲ್ಟ್ಸ್‌ನಲ್ಲಿ ಪಾದ್ರಿಯ ಮಗನಾಗಿ ನವೆಂಬರ್ 18ರಂದು ಹುಟ್ಟಿದ. 1799ರಲ್ಲಿ ಎಡಿನ್‌ಬರೋದ ಟ್ರಸ್ಟೀಸ್ ಅಕಾಡೆಮಿ ಸೇರಿದ. 1805ರಲ್ಲಿ ಲಂಡನ್ನಿಗೆ ಹೋದ. 1811ರಲ್ಲಿ ರಾಯಲ್ ಅಕಾಡೆಮಿಯ ಪೂರ್ಣ ಸದಸ್ಯನಾದ. 1830ರಲ್ಲಿ ಅರಸನ ಆಸ್ಥಾನ ಚಿತ್ರಕಾರನಾದ. 1836ರಲ್ಲಿ ಸರ್ ಪದವಿ ಬಂತು.

ಹಳ್ಳಿಯ ಚಿತ್ರಗಳು: ಹತ್ತೊಂಬತ್ತರ ಹರೆಯದಲ್ಲಿ ಬರೆದ 'ಪಿಟ್ಲೆಸ್ಸಿ ಫೇರ್' (1804) ಹುಟ್ಟೂರಿನ ಪಕ್ಕದ ಜಾತ್ರೆಯ ಚಿತ್ರ. ನೂರಕ್ಕೂ ಮಿಕ್ಕಿದ ಜನ, ದನ, ಅಂಗಡಿ ಎಲ್ಲವೂ ಅದರಲ್ಲಿವೆ. ತಂದೆಯ ಚರ್ಚಿಗೆ ಬಂದು ತೂಕಡಿಸುತ್ತಿದ್ದವರ ಮುಖಗಳನ್ನು ಅಲ್ಲೇ ಕದ್ದು ಗೀಚಿಕೊಂಡು ಈ ಜಾತ್ರೆಯೊಳಗೆ ತಂದ ಎಂಬ ಮಾತಿದೆ. 'ದಿ ಬ್ಲೈಂಡ್ ಫಿಡ್ಲರ್' (1806), 'ದಿ ರೆಂಟ್ ಡೇ' (1807) ಅವನಿಗೆ ಲಂಡನ್ನಿನಲ್ಲಿ ಹೆಸರು ತಂದವು.

'ದಿ ಪೆನ್ನಿ ವೆಡ್ಡಿಂಗ್' (1818) ಕೊತ್ತತ್ತಿ, ಮಂಡ್ಯ, ಮದ್ದೂರು ಕಡೆಯ ಓದುಗರಿಗೆ ಹತ್ತಿರದ್ದು. ಮದುವೆಗೆ ಬಂದವರೆಲ್ಲ ಒಂದೊಂದು ಪೆನ್ನಿ ಹಾಕುತ್ತಿದ್ದರು. ಊಟಕ್ಕೂ ಪಿಟೀಲಿನವರಿಗೂ ಕೊಟ್ಟು ಉಳಿದದ್ದು ಹೊಸ ಸಂಸಾರಕ್ಕೆ. ನಮ್ಮ ಮುಯ್ಯಿಯ ಲೆಕ್ಕ ಪುಸ್ತಕದಲ್ಲಿ ಉಳಿದು ಮುಂದೊಂದು ಮದುವೆಯಲ್ಲಿ ತೀರುತ್ತದೆ. ಅಲ್ಲಿ ಅದು ಆ ದಿನಕ್ಕೇ ಮುಗಿಯುತ್ತಿತ್ತು. ಕುಡಿತ, ಕುಣಿತ ಹೆಚ್ಚೆಂದು ಚರ್ಚು ಈ ಮದುವೆಗಳನ್ನು ಹಿಂದಿನಿಂದಲೂ ತಡೆಯಲು ನೋಡಿತ್ತು. ಪಾದ್ರಿಯ ಮಗನೇ ಅದನ್ನು ಇಷ್ಟು ಅಕ್ಕರೆಯಿಂದ ಬರೆದದ್ದು ಗಮನಾರ್ಹ. ಚಿತ್ರದ ಪಿಟೀಲುಗಾರ ಹೆಸರಾಂತ ನೀಲ್ ಗೌ ಇರಬೇಕೆಂದು ಸಾಮಾನ್ಯವಾಗಿ ಗುರುತಿಸುತ್ತಾರೆ.

ಶ್ರೀರಂಗಪಟ್ಟಣದ ಚಿತ್ರ: ಇದರ ಕಥೆ 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಕಾಳಗದಿಂದ ಶುರುವಾಗುತ್ತದೆ. ಹೈದರ್ ಮತ್ತು ಟಿಪ್ಪುವಿನ ಸೇನೆ ಕರ್ನಲ್ ವಿಲಿಯಂ ಬೈಲಿಯ ಪಡೆಯನ್ನು ಅಂದು ನುಚ್ಚುನೂರು ಮಾಡಿತು. ಗಾಯಗೊಂಡು ಸೆರೆಸಿಕ್ಕವರಲ್ಲಿ ಸ್ಕಾಟ್ಲೆಂಡಿನ ಯುವ ಅಧಿಕಾರಿ ಡೇವಿಡ್ ಬೇರ್ಡ್ ಒಬ್ಬ. ಶ್ರೀರಂಗಪಟ್ಟಣದಲ್ಲಿ ಸಂಕೋಲೆ ತೊಟ್ಟು ಸುಮಾರು ಮೂರೂವರೆ ವರ್ಷ ಕಳೆದ ಅವನು 1784ರಲ್ಲಿ ಬಿಡುಗಡೆಯಾದ. ಬೈಲಿ 1782ರಲ್ಲಿ ಸೆರೆಯಲ್ಲೇ ಸತ್ತ. 1799ರಲ್ಲಿ ಅದೇ ಕೋಟೆಗೆ ಲಗ್ಗೆಯಿಟ್ಟ ಪಡೆಯ ಮುಂದಾಳು ಬೇರ್ಡ್. ಸಂಜೆ ಕತ್ತಲಾದ ಮೇಲೆ ಬಾಗಿಲೊಂದರ ಬಳಿ ಹೆಣಗಳ ರಾಶಿಯಲ್ಲಿ ಸುಲ್ತಾನನ ದೇಹ ಸಿಕ್ಕಿತು. ಗೆದ್ದ ಪಟ್ಟಣದ ಆಡಳಿತ ಮಾತ್ರ ಬೇರ್ಡ್‌ನ ಕೈಗೆ ಬರದೆ ಆರ್ಥರ್ ವೆಲ್ಲೆಸ್ಲಿಗೆ ಹೋಯಿತು. ಬೇರ್ಡ್ ಈ ನೋವನ್ನು ಮರೆಯಲಿಲ್ಲ.

1829ರಲ್ಲಿ ಗಂಡ ತೀರಿಕೊಂಡ ಮೇಲೆ ಲೇಡಿ ಬೇರ್ಡ್ ಅವನ ಸ್ಮಾರಕವಾಗಿ ಈ ಚಿತ್ರ ಬರೆಸಿದಳು. 1834ರಲ್ಲಿ ಒಪ್ಪಿಕೊಂಡ ಕೆಲಸ 1839ರಲ್ಲಿ ಪ್ರದರ್ಶನಕ್ಕೆ ಬಂತು. ಸುಮಾರು ಮೂರೂವರೆ ಮೀಟರ್ ಎತ್ತರದ ಚಿತ್ರ. ದೀಪದ ಬೆಳಕಿನಲ್ಲಿ ಬೇರ್ಡ್ ಎತ್ತರದಲ್ಲಿ ನಿಂತಿದ್ದಾನೆ, ಕೆಳಗೆ ಸುಲ್ತಾನನ ದೇಹ. ಬೇರ್ಡ್‌ನ ಕಾಲಡಿಯಲ್ಲಿ ಕಬ್ಬಿಣದ ಸರಳಿನ ಕಿಂಡಿಯೊಂದಿದೆ. ಹಿಂದೆ ಅವನನ್ನು ಕೂಡಿಹಾಕಿದ್ದ ಸೆರೆಮನೆಯದು. ಇದು ಕಲಾವಿದನ ಜೋಡಣೆ. ಇಂದು ಪಟ್ಟಣದಲ್ಲಿ ತೋರಿಸುವ ಬೈಲಿ ಬಂದೀಖಾನೆಯೂ ಟಿಪ್ಪುವಿನ ದೇಹ ಸಿಕ್ಕ ಜಾಗವೂ ಬೇರೆ ಬೇರೆ. ವಿಲ್ಕಿ ಭಾರತಕ್ಕೆ ಬಂದವನೇ ಅಲ್ಲ. ಆದ್ದರಿಂದ ಇದನ್ನು ಕಣ್ಣಾರೆ ಕಂಡವನ ಸಾಕ್ಷ್ಯವೆಂದು ಪಠ್ಯಪುಸ್ತಕಗಳಲ್ಲಿ ಬಳಸುವುದು ತಪ್ಪು. ಜಾತ್ರೆಯ ಒಂದೊಂದು ಮುಖವನ್ನೂ ಬಲ್ಲ ಕಲಾವಿದ ಇಲ್ಲಿ ಕಾಣದ ಊರನ್ನೂ ಕಾಣದ ಜನರನ್ನೂ ಬರೆದಿದ್ದಾನೆ. ಚಿತ್ರ ನಾಟಕದ ದೃಶ್ಯದಂತೆ ಬಿಗಿದುಕೊಂಡಿರುವುದಕ್ಕೆ ಅದೂ ಒಂದು ಕಾರಣವಿರಬಹುದು.

ಇದರ ಎದುರಿಗೆ ಇಟ್ಟು ನೋಡಬೇಕಾದದ್ದು ದರಿಯಾ ದೌಲತ್ ಅರಮನೆಯ ಪಡುಗೋಡೆ. ಅಲ್ಲಿ ಮೈಸೂರಿನ ಚಿತ್ರಕಾರರು ಪೊಳ್ಳಿಲೂರನ್ನು ಗೆದ್ದವರ ಕಡೆಯಿಂದ ಬರೆದಿದ್ದಾರೆ: ಪಲ್ಲಕ್ಕಿಯಲ್ಲಿ ಬೈಲಿ, ಸುತ್ತ ಮುತ್ತಿಕೊಂಡ ಕುದುರೆ ಸವಾರರು. ಆ ಗೋಡೆಯ ಬಣ್ಣ ಮುಂದೆ ಒಂದಕ್ಕಿಂತ ಹೆಚ್ಚು ಸಲ ದುರಸ್ತಿಯಾಗಿದೆ. ಒಮ್ಮೆ ಅಲ್ಲಿ ವಾಸವಿದ್ದ ವೆಲ್ಲೆಸ್ಲಿಯೇ ಮಾಡಿಸಿದ. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದ ಇದೇ ವೆಲ್ಲೆಸ್ಲಿಗಾಗಿ ವಿಲ್ಕಿ ತನ್ನ ಅತ್ಯಂತ ಜನಪ್ರಿಯ ಚಿತ್ರ 'ಚೆಲ್ಸಿ ಪೆನ್ಷನರ್ಸ್' (1822) ಬರೆದ.

ಕೊನೆ: ಸ್ಪೇನ್, ಇಟಲಿ ಸುತ್ತಿ ಬಂದ ಮೇಲೆ (1825-28) ಅವನ ಕುಂಚ ಅಗಲವಾಯಿತು, ನೆರಳು ದಟ್ಟವಾಯಿತು. ಬಳಸಿದ ಡಾಂಬರು ಜಾತಿಯ ಕಂದುಬಣ್ಣದಿಂದ ಕೆಲವು ಚಿತ್ರಗಳು ಬಿರುಕು ಬಿಟ್ಟಿವೆ. ಜೆರೂಸಲೇಮ್, ಈಜಿಪ್ಟ್ ಪ್ರವಾಸದಿಂದ ಮರಳುವಾಗ 1841ರ ಜೂನ್ 1ರಂದು ಜಿಬ್ರಾಲ್ಟರ್ ಬಳಿ ಹಡಗಿನಲ್ಲೇ ತೀರಿಕೊಂಡ. ಶವವನ್ನು ಕಡಲಿಗೇ ಒಪ್ಪಿಸಿದರು. ಗೆಳೆಯ ಟರ್ನರ್ 1842ರಲ್ಲಿ ಆ ಸಂಸ್ಕಾರವನ್ನೇ ಚಿತ್ರವಾಗಿ ಬರೆದ. ಶ್ರೀರಂಗಪಟ್ಟಣದ ಚಿತ್ರ ಈಗ ಸ್ಕಾಟ್ಲೆಂಡಿನ ರಾಷ್ಟ್ರೀಯ ಕಲಾಸಂಗ್ರಹಕ್ಕೆ ಸೇರಿದೆ.