ಕೇದಗೆ ಮೆಳೆ ಯಾಕೆ ಉಳಿದಿತ್ತು, ಯಾಕೆ ಹೋಯಿತು?

ಹಳ್ಳದ ಹೂಳೆತ್ತಲು ಜೆಸಿಬಿ ಬಂದರೆ ಮೊದಲು ಹೋಗುವುದು ದಂಡೆಯ ಕೇದಗೆ ಮೆಳೆ. ಮುಳ್ಳು ಜಾಸ್ತಿ, ಹಾವಿನ ಭಯ, ಉಪಯೋಗ ಏನೂ ಇಲ್ಲ ಎಂಬ ಮಾತು ಎಲ್ಲ ಊರಲ್ಲೂ ಕೇಳುತ್ತದೆ. ಆದರೆ ಇದೇ ಗಿಡವನ್ನು ನಮ್ಮ ಹಿರಿಯರು ನೂರಾರು ವರ್ಷ ಬೇಕೆಂದೇ ಉಳಿಸಿಕೊಂಡಿದ್ದರು. ಅದರ ಕಥೆಯನ್ನು ಇಲ್ಲಿ ಹೇಳುತ್ತೇವೆ.

ಬೇಲಿಯಾಗಿದ್ದ ಕಾಲ

ಕಾಳಿದಾಸನ ‘ಮೇಘದೂತ’ದಲ್ಲಿ ಮೋಡವು ದಶಾರ್ಣ ದೇಶದ ಮೇಲೆ ಹಾದುಹೋಗುವಾಗ, ಅಲ್ಲಿನ ತೋಟಗಳ ಬೇಲಿಯಲ್ಲಿ ಕೇದಗೆ ಅರಳುವ ಮಾತು ಬರುತ್ತದೆ. ದಶಾರ್ಣ ಎಂದರೆ ಈಗಿನ ಮಧ್ಯಪ್ರದೇಶದ ವಿದಿಶೆಯ ಸುತ್ತಲಿನ ಸೀಮೆ. ಅಂದರೆ ಸುಮಾರು 1,500 ವರ್ಷಗಳ ಹಿಂದೆಯೇ ಕೇದಗೆ ತೋಟ ಕಾಯುವ ಗಿಡವಾಗಿತ್ತು. ಎಲೆಯ ಎರಡೂ ಅಂಚಿಗೆ, ನಡುವಿನ ದಿಂಡಿಗೆ ಗರಗಸದಂಥ ಮುಳ್ಳು. ದನ ನುಗ್ಗುವುದಿಲ್ಲ.

17ನೇ ಶತಮಾನದಲ್ಲಿ ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಲಬಾರಿನ ಗಿಡಗಳ ಬಗ್ಗೆ ‘ಹೋರ್ಟಸ್ ಮಲಬಾರಿಕಸ್’ ಎಂಬ 12 ಸಂಪುಟಗಳ ಪುಸ್ತಕ ಮಾಡಿಸಿದ. ಅದು 1678ರಿಂದ 1693ರವರೆಗೆ ಅಚ್ಚಾಯಿತು. ಅದರಲ್ಲಿ ಕೇದಗೆ ಕುಲದ ಗಿಡಗಳು ‘ಕೈದ’ ಎಂಬ ಊರ ಹೆಸರಿನಲ್ಲೇ ಇವೆ. ಈ ಪುಸ್ತಕಕ್ಕೆ ತಿಳಿವಳಿಕೆ ಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ನಾಟಿ ವೈದ್ಯರು ಮತ್ತು ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು.

ಶಿವನಿಗೆ ಬೇಡ, ನಾಗನಿಗೆ ಬೇಕು

ಬ್ರಹ್ಮನ ಪರವಾಗಿ ಸುಳ್ಳು ಸಾಕ್ಷಿ ಹೇಳಿದ ಕೇದಗೆಗೆ ಶಿವ ಶಾಪ ಕೊಟ್ಟ ಕಥೆ ನಿಮಗೆ ಗೊತ್ತೇ ಇದೆ. ಶಿವಪೂಜೆಗೆ ಅದು ಸಲ್ಲುವುದಿಲ್ಲ. ಆದರೆ ತುಳುನಾಡಿನಲ್ಲಿ ನಾಗನ ಪೂಜೆಗೆ ಹಿಂಗಾರ, ಸಂಪಿಗೆಯ ಜೊತೆ ಕೇದಗೆಯೂ ಬೇಕು. ಹೆಣ್ಣುಮಕ್ಕಳು ಅದರ ಗರಿ ಮಡಚಿ ಜಡೆಗೆ ಮುಡಿದರು. ಒಣಗಿದ ಗರಿಯನ್ನು ಸೀರೆಯ ಪೆಟ್ಟಿಗೆಯಲ್ಲಿ ಇಟ್ಟರು.

ಕರಾವಳಿಯಲ್ಲಿ ಇದೇ ಕುಲದ ಮುಂಡೇವು ಎಲೆಗೆ ಇನ್ನೂ ಎರಡು ಕೆಲಸ. ಒಂದು ಚಾಪೆ. ಇನ್ನೊಂದು ಮೂಡೆ. ಮುಳ್ಳು ತೆಗೆದು, ಬೆಂಕಿಗೆ ಹಿಡಿದು ಬಾಡಿಸಿ, ಸುರುಳಿ ಸುತ್ತಿ ಹಿಟ್ಟು ತುಂಬಿ ಬೇಯಿಸುವ ಕಡುಬು ಅಷ್ಟಮಿ ದಿನ ಈಗಲೂ ಆಗುತ್ತದೆ.

ಕೇಳದೇ ಬಂದ ಲಾಭ

ಪ್ರಾಣಿ ಪಕ್ಷಿ ಉಳಿಯಲಿ ಎಂದು ಯಾರೂ ಕೇದಗೆ ನೆಟ್ಟಿರಲಿಲ್ಲ. ಆದರೂ ಉಳಿದವು. ಕಾಂಡದಿಂದ ಇಳಿಯುವ ಊರುಗೋಲಿನಂಥ ಬೇರು ದಂಡೆಯ ಮಣ್ಣು ಹಿಡಿಯುತ್ತದೆ. ಆ ಬೇರಿನ ಸಂದಿಯಲ್ಲಿ ಏಡಿ, ಕಪ್ಪೆ, ಮೀನಿನ ಮರಿ. ಮೇಲಿನ ಪೊದೆಯಲ್ಲಿ ಹುಂಡುಕೋಳಿಯ ಗೂಡು. ನಾಯಿಯಾಗಲೀ ಬೆಕ್ಕಾಗಲೀ ಒಳಗೆ ನುಗ್ಗುವುದು ಕಷ್ಟ. ಹೂವಿನ ಘಮಕ್ಕೆ ಹಾವು ಬರುತ್ತದೆ ಅನ್ನುತ್ತಾರೆ. ಹಾವಿಗೆ ಬೇಕಾದ್ದು ಅಲ್ಲಿನ ಕಪ್ಪೆ, ಇಲಿ ಮತ್ತು ನೆರಳು.

ಆಮೇಲೆ ಮುಳ್ಳುತಂತಿ ಬಂತು, ಬೇಲಿಯ ಕೆಲಸ ಹೋಯಿತು. ಪ್ಲಾಸ್ಟಿಕ್ ಚಾಪೆ ಬಂತು, ಎಲೆಯ ಕೆಲಸ ಹೋಯಿತು. ದಂಡೆಗೆ ಸಿಮೆಂಟ್ ಗೋಡೆ ಬಂತು, ಬೇರಿನ ಕೆಲಸವೂ ಹೋಯಿತು. ಕೆಲಸವಿಲ್ಲದ ಗಿಡವನ್ನು ಕಡಿಯಲು ಯಾರೂ ಯೋಚಿಸಲಿಲ್ಲ. ಅದರ ಜೊತೆ ಹುಂಡುಕೋಳಿಯ ಮನೆಯೂ ಹೋಯಿತು.

ಗಂಜಾಂ ಕೊಡುವ ಪಾಠ

ಒಡಿಶಾದ ಗಂಜಾಂ ಜಿಲ್ಲೆಯಲ್ಲಿ ಕಥೆ ಬೇರೆ. ಅಲ್ಲಿ ಹೊಲದ ಬದುವಿನಲ್ಲಿ, ತೊರೆಯ ದಂಡೆಯಲ್ಲಿ ಕೇದಗೆ ಇದೆ. ಹಳ್ಳಿಯ ಭಟ್ಟಿಗಳಲ್ಲಿ ಹೂವನ್ನು ಬಟ್ಟಿ ಇಳಿಸಿ ಅತ್ತರು, ಕೇವಡಾ ನೀರು ಮಾಡುತ್ತಾರೆ. ಬಿರಿಯಾನಿಗೆ, ಸಿಹಿತಿಂಡಿಗೆ ಹಾಕುವ ಘಮ ಅದೇ. ಗಂಜಾಂ ಕೇವಡಾ ಹೂವಿಗೆ ಭೌಗೋಳಿಕ ಗುರುತಿನ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಹೂವಿಗೆ ದುಡ್ಡು ಇರುವುದರಿಂದ ಮೆಳೆ ನಿಂತಿದೆ.

ನಮಗೆ ಕಾಣುವ ಪಾಠ ಇಷ್ಟೇ: ಗಿಡ ಉಳಿಯಬೇಕಾದರೆ ಅದಕ್ಕೊಂದು ಕೆಲಸ ಕೊಡಬೇಕು. ನಮ್ಮ ಊರುಗಳಲ್ಲಿ ಅತ್ತರಿನ ಭಟ್ಟಿ ಇಲ್ಲದಿರಬಹುದು. ಆದರೆ ಕುಸಿಯುವ ದಂಡೆ ಇದೆ, ದನ ನುಗ್ಗುವ ತೋಟವಿದೆ, ಹಬ್ಬಕ್ಕೆ ಹೂವೂ ಎಲೆಯೂ ಬೇಕು.

ನೆಡುವುದು ಸುಲಭ. ಬುಡದಲ್ಲಿ ಒಡೆದ ಮರಿಯನ್ನೋ, ಬೇರು ಬಿಟ್ಟ ಕೊಂಬೆಯನ್ನೋ ಮುಂಗಾರಿನ ಮೊದಲ ಮಳೆಗೆ ತೇವದ ದಂಡೆಯಲ್ಲಿ ನೆಡಿ. ಎಲೆಯನ್ನು ಸ್ವಲ್ಪ ಕತ್ತರಿಸಿ ನೆಟ್ಟರೆ ಬೇಗ ಬಾಡದು. ಕಾಲುದಾರಿಯಿಂದ ದೂರವಿರಲಿ. ಒಂದು ಮಾತು ನೆನಪಿರಲಿ: ಗಂಡು, ಹೆಣ್ಣು ಗಿಡಗಳು ಬೇರೆ ಬೇರೆ. ಘಮಘಮಿಸುವ ಹೂವು ಗಂಡಿನದು, ಅನಾನಸಿನಂಥ ಕಾಯಿ ಹೆಣ್ಣಿನದು. ಎರಡೂ ಇದ್ದರೆ ಮೆಳೆ ಪೂರ್ತಿ.

ಮುಂದಿನ ಗ್ರಾಮಸಭೆಯಲ್ಲಿ ಹಳ್ಳದ ಕೆಲಸದ ಪಟ್ಟಿ ಓದುವಾಗ, ದಂಡೆಯ ಕೇದಗೆಯನ್ನು ಬಿಟ್ಟು ಹೂಳೆತ್ತಿ ಎಂದು ಹೇಳಿ ಬರೆಸಿ. ಜೆಸಿಬಿ ದಂಡೆಗೆ ಇಳಿದ ಮೇಲೆ ಹೇಳಿದರೆ ತಡವಾಗುತ್ತದೆ.